ಪದ ಬೇಕು: ‘ರೂಮಿನೇಶನ್’ಗೆ ‘ಮೆಲುಕು’ ನಡೆಯುತ್ತದೆಯೇ? ಗುರುವಾರ ಅಚ್ಚಿಗೆ ಹೋಗಬೇಕು

ಶಿವಮೊಗ್ಗದಿಂದ, ಸೋಮವಾರ ಬೆಳಿಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ನಾಲ್ಕು ಗೋಡೆಫಲಕ ಸಿದ್ಧವಾಗುತ್ತಿವೆ. ಹದಿಹರೆಯದಲ್ಲಿ ಖಿನ್ನತೆ, ಆತಂಕ ಕೆಲವರನ್ನೇ ಯಾಕೆ ಬೇಗ ಹಿಡಿಯುತ್ತವೆ, ಅದರಲ್ಲಿ ಸ್ವಭಾವದ ಪಾಲೆಷ್ಟು, ಯೋಚಿಸುವ ರೀತಿಯ ಪಾಲೆಷ್ಟು ಎಂಬುದು ವಿಷಯ. ಇಂಗ್ಲಿಷ್ ಕೈಪಿಡಿಯಿಂದ ಕನ್ನಡಕ್ಕೆ ತರುವ ಕೆಲಸ ನನ್ನದು. ಮೂರು ಫಲಕ ಹೇಗೋ ಆಯಿತು. ಆಗಿಹೋದ ನೋವನ್ನೇ ಬಿಡದೆ ಯೋಚಿಸುವುದಕ್ಕೆ ಹೇಳುವ ‘ರೂಮಿನೇಶನ್’ ಬಳಿ ನಿಂತುಬಿಟ್ಟಿದ್ದೇನೆ.

‘ಮೆಲುಕು ಹಾಕುವುದು’ ಎಂದು ಬರೆದು ಕರಡನ್ನು ಒಂಬತ್ತನೇ ತರಗತಿಯಲ್ಲಿ ಓದಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಮಿಸ್, ನಮ್ಮಜ್ಜಿ ದಿನಾ ಹಳೇದೆಲ್ಲ ಮೆಲುಕು ಹಾಕ್ತಾರೆ. ಅವ್ರಿಗೂ ಈ ಕಾಯಿಲೆ ಬರುತ್ತಾ?” ಎಂದ. ಗಾಬರಿಯಿಂದಲೇ ಕೇಳಿದ್ದ.

ನನಗೆ ಬೇಕಾದ ಅರ್ಥ ಯಾವುದೆಂದು ಹೇಳುತ್ತೇನೆ. ಗಣಿತದಲ್ಲಿ 71 ಬಂದ ಹುಡುಗಿಯೊಬ್ಬಳು ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಆ 71ನ್ನು ಬರೆದು, ಅದರ ಮೇಲೆಯೇ ಪೆನ್ನಾಡಿಸಿ ಆಡಿಸಿ ಹಾಳೆ ತೂತಾಗಿತ್ತು. ಅಂಕೆ ಕೆಳಗಿನ ಮೂರು ಹಾಳೆಗೂ ಇಳಿದಿತ್ತು. “ರಾತ್ರಿ ಮಲಗಿದ್ರೂ ಅದೇ ಮಿಸ್” ಎಂದಳು. ಇದಕ್ಕೆ ಪದ ಬೇಕು. ಜತೆಗೆ, ಕಾಯಿಲೆ ಬರುವ ಸಾಧ್ಯತೆ ಹೆಚ್ಚಿಸುವ ಸಂಗತಿ ಎಂಬರ್ಥದ ‘ರಿಸ್ಕ್ ಫ್ಯಾಕ್ಟರ್’ಗೆ ‘ಅಪಾಯಕಾರಿ ಅಂಶ’ ಬಿಟ್ಟು ಬೇರೇನಾದರೂ ಇದ್ದರೆ ತಿಳಿಸಿ.

ಮೈಸೂರಿನಿಂದ

‘ರೂಮಿನೇಶನ್’ ಲ್ಯಾಟಿನ್ನಿನ ‘ರೂಮೆನ್’ನಿಂದ ಬಂದದ್ದು, ದನ ನುಂಗಿದ್ದು ಮೊದಲು ಸೇರುವ ಹೊಟ್ಟೆ. ಸಂಸ್ಕೃತದಲ್ಲಿ ಇದಕ್ಕೆ ನೇರವಾದ ಶಬ್ದ ‘ರೋಮಂಥ’. ಶಾಕುಂತಲದ ಎರಡನೆಯ ಅಂಕದಲ್ಲಿಯೇ ಇದೆ: ನೆರಳಿನಲ್ಲಿ ಗುಂಪುಗೂಡಿದ ಜಿಂಕೆಗಳು ರೋಮಂಥವನ್ನು ಅಭ್ಯಾಸ ಮಾಡಲಿ ಎನ್ನುತ್ತಾನೆ ದುಷ್ಯಂತ. ಸಿದ್ಧವಾಗಿರುವ ಶಬ್ದವನ್ನು ಬಿಟ್ಟು ಹುಡುಕುವುದೇಕೆ? ‘ಮನೋರೋಮಂಥ’ ಎಂದು ಹಾಕಿ. ‘ಮೆಲುಕು’ ಅದರದೇ ದೇಶ್ಯ ರೂಪ. ಹುಡುಗನ ಪ್ರಶ್ನೆಗೆ ಹೆದರಿ ಬಿಡಬೇಕಿಲ್ಲ.

ಬೆಂಗಳೂರಿನಿಂದ

‘ಮೆಲುಕು’ ಯಾವುದರ ರೂಪವೂ ಅಲ್ಲ. ‘ಮೆಲ್’ ಎಂಬ ಅಚ್ಚಗನ್ನಡ ಬೇರಿನಿಂದ ಬಂದದ್ದು. ಹೊಲದಲ್ಲಿ ಎಮ್ಮೆ ಮೆಲುಕಾಡಿಸುವುದನ್ನು ನೋಡಿ ಕಟ್ಟಿದ ಪದಕ್ಕೂ ಸಂಸ್ಕ್ರುತವೇ ತಾಯಿ ಎನ್ನುವ ಚಾಳಿ ಇನ್ನಾದರೂ ನಿಲ್ಲಲಿ. ‘ಮನೋರೋಮಂತ’ ಎಂಬುದನ್ನು ಓದಲು ತಡವರಿಸಿದ ಮಗು ಅಲ್ಲಿಂದ ಮುಂದಕ್ಕೆ ಹೋಗುತ್ತದೆಯೇ ಹೊರತು ನಿಂತು ತಿಳಿದುಕೊಳ್ಳುವುದಿಲ್ಲ.

ನನ್ನ ಸಲಹೆ ‘ಕೊರೆಯೆಣಿಕೆ’. ಪಲಕದ ತಲೆಬರಹದಲ್ಲಿ ‘ಖ’ ಕೂಡ ಬೇಡ. ನುಡಿಯರಿಗ ಡಿ.ಎನ್. ಶಂಕರಬಟ್ಟರು ತೋರಿಸಿಕೊಟ್ಟಂತೆ ನಮ್ಮ ಆಡುಮಾತಿನಲ್ಲಿ ಇಲ್ಲದ ಉಲಿಕೆಗೆ ಬರಹದಲ್ಲೇಕೆ ಜಾಗ? ‘ಕಿನ್ನತೆ’ ಎಂದೇ ಬರೆಯಿರಿ.

ಧಾರವಾಡದಿಂದ

ಇಬ್ಬರದೂ ಬೇಡ. ‘ಕೊರೆಯೆಣಿಕೆ’ ಕೇಳಿದರ ನಮ್ಮ ಹುಡುಗರು ಕೊಳವೆಬಾವಿ ಲೆಕ್ಕ ಅಂತ ತಿಳೀತಾರ.

ನಮ್ಮ ಕಡೆ ತಾಯಂದಿರ ಬಾಯಾಗ ದಿನಾ ಇರೋ ಮಾತು ‘ತಲಿಗೆ ಹಚ್ಚಿಕೊಳ್ಳೋದು’. “ಅಷ್ಟ್ಯಾಕ ತಲಿಗೆ ಹಚ್ಚಿಕೊಂಡೀ, ಬಿಡು.” ಈ ಮಾತು ಕೇಳದ ಮಗು ಇಲ್ಲ. ದಕ್ಷಿಣದವರೂ ‘ಮನಸ್ಸಿಗೆ ಹಚ್ಚಿಕೊಳ್ಳಬೇಡ’ ಅಂತಾರ. ನಾಮಪದಾನ ಬೇಕು ಅನ್ನೋ ಹಟ ಇಂಗ್ಲಿಷಿನದು. ಕನ್ನಡದಾಗ ಮನಸ್ಸಿನ ಕೆಲಸ ಎಲ್ಲ ಕ್ರಿಯಾಪದದಾಗ ಐತಿ.

ಬೆಂಗಳೂರಿನಿಂದ (ಮನಶ್ಶಾಸ್ತ್ರ ಪಾಠ ಹೇಳುವವಳು)

ಧಾರವಾಡದ ಸರ್ ಹೇಳಿದ ಕ್ರಿಯಾಪದದ ಮಾತು ಪೂರ್ತಿ ಒಪ್ಪಿಗೆ. ಆದರೆ ‘ಹಚ್ಚಿಕೊಳ್ಳು’ವಿನ ‘ಕೊಳ್ಳು’ ನನಗೆ ಚುಚ್ಚುತ್ತದೆ. ‘ಹಚ್ಚು’ಗೆ ‘ಕೊಳ್ಳು’ ಸೇರಿದ ಕೂಡಲೇ ಮಾಡಿದವನೂ ಅನುಭವಿಸುವವನೂ ಒಬ್ಬನೇ ಆಗುತ್ತಾನೆ. ‘ನೀನೇ ತಂದುಕೊಂಡದ್ದು’ ಎಂದಾಗುತ್ತದೆ. ಈ ಮಕ್ಕಳು ಮೊದಲೇ ಎಲ್ಲಕ್ಕೂ ತಮ್ಮನ್ನೇ ಬೈದುಕೊಳ್ಳುವವರು. ಅಬ್ರಾಮ್ಸನ್, ಸೆಲಿಗ್‌ಮನ್, ಟೀಸ್‌ಡೇಲ್ ಎಂಬ ಮನಶ್ಶಾಸ್ತ್ರಜ್ಞರು 1978ರಲ್ಲಿ ಹೇಳಿದ್ದು ಇದನ್ನೇ: ಕೆಟ್ಟದ್ದೇನಾದರೂ ಆದರೆ ‘ತಪ್ಪು ನನ್ನದೇ, ಯಾವಾಗಲೂ ಹೀಗೇ, ಎಲ್ಲದರಲ್ಲೂ ಹೀಗೇ’ ಎಂದು ಕಾರಣ ಕಟ್ಟುವವರು ಖಿನ್ನತೆಯ ಕಡೆಗೆ ಬೇಗ ಜಾರುತ್ತಾರೆ. ಅಂಥವರ ಕಣ್ಣೆದುರು ಇನ್ನೊಂದು ‘ನೀನೇ’ಯನ್ನು ಅಚ್ಚು ಹಾಕಿಸಬೇಡಿ.

ಪದದ ಹಿಂದಿನ ಸಂಗತಿಯನ್ನೂ ಸ್ವಲ್ಪ ಹೇಳಬೇಕು. ಇಲ್ಲಿ ಯಾರೂ ಅದನ್ನು ಎತ್ತಿಲ್ಲ. ಸೂಸನ್ ನೋಲನ್-ಹೋಕ್ಸೆಮಾ ಎಂಬ ಮನಶ್ಶಾಸ್ತ್ರಜ್ಞೆ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ಯೋಚನೆಯ ರೀತಿಯನ್ನು ಅಳೆದಿಟ್ಟಿದ್ದರು. ಎರಡು ವಾರದೊಳಗೆ, 1989ರ ಅಕ್ಟೋಬರಿನಲ್ಲಿ, ಅಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಲೋಮಾ ಪ್ರಿಯೆಟಾ ಭೂಕಂಪವಾಯಿತು. ಹತ್ತು ದಿನಕ್ಕೂ ಏಳು ವಾರಕ್ಕೂ ಮತ್ತೆ ಕೇಳಿದಾಗ, ಮೊದಲೇ ಒಂದೇ ನೋವನ್ನು ಸುತ್ತಿ ಸುತ್ತಿ ಯೋಚಿಸುವ ರೂಢಿ ಇದ್ದವರಲ್ಲಿ ಖಿನ್ನತೆಯ ಲಕ್ಷಣ ಹೆಚ್ಚಿತ್ತು. ಭೂಕಂಪ ಎಲ್ಲರಿಗೂ ಒಂದೇ. 2003ರಲ್ಲಿ ಅವರೂ ಸಂಗಡಿಗರೂ ಇದರೊಳಗೇ ಎರಡು ಬಗೆ ಬಿಡಿಸಿದರು. ‘ಯಾಕೆ ಹೀಗಾಯಿತು, ಏನು ಮಾಡಲಿ’ ಎಂದು ಬಿಡಿಸಿ ನೋಡುವುದು ಒಂದು. ‘ನನಗೇ ಯಾಕೆ’ ಎಂದು ಅಲ್ಲೇ ಕೂತುಬಿಡುವುದು ಇನ್ನೊಂದು. ಹೆಚ್ಚು ಕೆಡಕು ಎರಡನೆಯದು. ಹಾಗಾಗಿ ‘ಚಿಂತನೆ’ ಸೇರಿದ ಯಾವ ಪದವೂ ಬೇಡ. ಸಂಸ್ಕೃತದ ಒಂದೇ ಧಾತುವನ್ನು ಕನ್ನಡ ಎರಡಾಗಿ ಸೀಳಿ, ‘ಚಿಂತೆ’ಯನ್ನು ಸುಡುವುದಕ್ಕೂ ‘ಚಿಂತನೆ’ಯನ್ನು ಭಾಷಣಕ್ಕೂ ಇಟ್ಟುಕೊಂಡಿದೆ.

‘ಗೀಳು’ ಎಂದು ಯಾರಾದರೂ ಹೇಳುವ ಮುಂಚೆ: ಅದು ಬೇರೆ ಕಾಯಿಲೆಗೆ ಆಗಲೇ ನಿಂತುಹೋಗಿದೆ.

ಮೈಸೂರಿನಿಂದ

‘ಚಿಂತನೆ’ಗೆ ಭಾಷಣದ ಪಟ್ಟ ಕಟ್ಟಿದ್ದು ಸರಿಯಲ್ಲ. ಇರಲಿ. ‘ಮಂಥನ’ ಆಗಬಹುದಲ್ಲವೇ? ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಮನಸ್ಸಿನ ಕಾಯಿಲೆಗಳನ್ನು ಕನ್ನಡದಲ್ಲಿ ವಿವರಿಸಿದ ವೈದ್ಯರು ಆರಿಸಿದ ಶಬ್ದ ಅದು.

ಧಾರವಾಡದಿಂದ

ಕಡೆದರ ಬೆಣ್ಣಿ ಬರತೈತ್ರಿ ಸರ್. ಈ ಹುಡುಗಿಗೆ ಬೆಣ್ಣಿ ಎಲ್ಲಿ ಬಂತು? ನಿಮ್ಮ ರೋಮಂಥದ ಜಿಂಕಿನೂ ನೆರಳಾಗ ನೆಮ್ಮದಿಯಿಂದ ಕೂತಾವು. ಹೊಟ್ಟಿ ತುಂಬಿದ ಪ್ರಾಣಿ ಮೆಲುಕು ಹಾಕತೈತಿ, ಅದಕ್ಕ ನಮ್ಮಲ್ಲಿ ಆ ಮಾತಿಗೆ ಸಿಹಿ ಐತಿ. ಲ್ಯಾಟಿನ್ನಿನವರು ಅದನ್ನ ನೋಡಿ ಏನು ತಿಳಕೊಂಡ್ರೋ ಅದು ಅವರದು.

ಮಂಗಳೂರಿನಿಂದ

ಪದ ಆ ಹುಡುಗಿಯ ನೋಟ್‌ಬುಕ್ಕಿನಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಹಾಳೆ ಕೊರೆದು ತೂತಾಗಿದೆಯಲ್ಲ? ಉಳ್ಳಾಲದ ಕಡೆಯವರಿಗೆ ‘ಕಡಲ್ಕೊರೆತ’ ಗೊತ್ತು. ಒಂದು ತೆರೆ ಮನೆ ಬೀಳಿಸುವುದಿಲ್ಲ. ಅದೇ ಜಾಗಕ್ಕೆ ಬಂದು ಬಂದು, ಅಡಿಯ ಮರಳು ಹೋದ ಮೇಲೆ ತೆಂಗಿನಮರ ತಾನಾಗಿ ಮಗುಚುತ್ತದೆ. ‘ಯೋಚನೆ ಕೊರೆಯುವುದು’ ಎನ್ನಿ. ಇದರಲ್ಲಿ ಕರ್ತೃ ಯೋಚನೆ, ಮಗು ಅಲ್ಲ. ಮೇಡಂ ಎತ್ತಿದ ‘ಕೊಳ್ಳು’ವಿನ ತೊಂದರೆಯೂ ಕಳೆಯಿತು.

ಹಾಸನದಿಂದ

ಕಾಲೇಜಿನ ಮಕ್ಕಳ ಬಾಯಲ್ಲಿ ‘ಕೊರೆಯೋದು’ ಎಂದರೆ ಬೇಜಾರು ಬರುವಷ್ಟು ಮಾತಾಡುವುದು. ‘ಸಾರ್ ಕೊರೀತಾರೆ’ ಅಂತಾರೆ. ಈ ಯೋಚನೆಗೆ ಅವರೇ ಹೇಳುವ ಪದ ‘ಓವರ್‌ಥಿಂಕ್’. “ಓವರ್‌ಥಿಂಕ್ ಮಾಡ್ಬೇಡ ಕಣೋ.” ಅದನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ತಪ್ಪೇನು?

ಮೈಸೂರಿನಿಂದ

ಹಾಗಾದರೆ ಫಲಕವನ್ನು ಇಂಗ್ಲಿಷಿನಲ್ಲೇ ಮಾಡಿಸಿ.

ಬೆಂಗಳೂರಿನಿಂದ

ಮೊದಲ ಸಲ ಮೈಸೂರಿನವರ ಮಾತನ್ನು ಒಪ್ಪುತ್ತೇನೆ.

ಧಾರವಾಡದಿಂದ

ಕಾಗದ, ಕುರ್ಚಿ, ಕಚೇರಿ ಎಲ್ಲಾ ಹೊರಗಿಂದ ಬಂದು ಮನೆ ಮಾಡಿದವು. ಯಾರೂ ಅಳಲಿಲ್ಲ. ಆದರ ‘ಓವರ್‌ಥಿಂಕ್’ ಬ್ಯಾಡ. ಅದು ಹಳ್ಳಿ ಶಾಲಿಗೆ ಮುಟ್ಟಿಲ್ಲ. ಮುಟ್ಟಿದ ಮೇಲೆ ನೋಡೋಣು.

ಬೆಂಗಳೂರಿನಿಂದ (ಮನಶ್ಶಾಸ್ತ್ರ)

ಎರವಲಿನ ಜಗಳ ಎಂದಿನಂತೆ ಎಲ್ಲವನ್ನೂ ನುಂಗುತ್ತಿದೆ. ಕೇಳಿದವರಿಗೆ ಇರುವುದು ಒಂದೂವರೆ ದಿನ. ಉಳಿದದ್ದನ್ನು ಬೇಗ ಹೇಳುತ್ತೇನೆ.

‘ಅಪಾಯಕಾರಿ ಅಂಶ’ ಖಂಡಿತ ಬೇಡ. ಕರೆಂಟ್ ಕಂಬದ ಮೇಲಿನ ತಲೆಬುರುಡೆಯ ಪಕ್ಕ ಇರುವ ಪದ ಅದು. ತನ್ನ ಸ್ವಭಾವದ ಹೆಸರಿನ ಕೆಳಗೆ ಅದನ್ನು ಓದಿದ ಮಗು ತಾನೇ ಅಪಾಯ ಎಂದುಕೊಳ್ಳುತ್ತದೆ. ‘ಕಾರಣ’ ಎಂದರೂ ತಪ್ಪು, ಯಾಕೆಂದರೆ ಆ ಸ್ವಭಾವ ಇದ್ದವರಿಗೆಲ್ಲ ಖಿನ್ನತೆ ಬರುವುದಿಲ್ಲ. ‘ಎಡೆಮಾಡಿಕೊಡುವ ಸಂಗತಿಗಳು’ ಎನ್ನಿ. ಎಡೆ ಇದ್ದಮಾತ್ರಕ್ಕೆ ಯಾರೂ ಒಳಗೆ ಬಂದೇಬಿಡುವುದಿಲ್ಲ.

‘ನ್ಯೂರಾಟಿಸಿಸಂ’ಗೆ ‘ನರ’ ಎಂದು ಶುರುವಾಗುವ ಏನನ್ನೂ ಹಾಕಬೇಡಿ. ‘ನರದೌರ್ಬಲ್ಯ’ ಎಂದು ಬಸ್‌ಸ್ಟ್ಯಾಂಡ್ ಗೋಡೆಗಳ ಮೇಲೆ ಬರೆದಿರುವುದನ್ನು ಹುಡುಗರು ಓದಿದ್ದಾರೆ. ‘ಬೇಗ ಮನಸ್ಸಿಗೆ ತಾಗುವ ಸ್ವಭಾವ’ ಸಾಕು. ‘ಪರ್ಫೆಕ್ಷನಿಸಂ’ಗೆ ‘ಪರಿಪೂರ್ಣತಾವಾದ’ ಎಂದಿದ್ದರೆ ತೆಗೆಯಿರಿ. ‘ವಾದ’ ಬಂದರೆ ಅದ್ವೈತದ ಪಕ್ಕ ಕೂರುತ್ತದೆ. ‘ಅಚ್ಚುಕಟ್ಟು’ ಹೊಗಳಿಕೆಯಾಯಿತು. ‘ಚೂರೂ ತಪ್ಪಾಗಬಾರದೆಂಬ ಹಟ’ ಎಂದರೆ ಹತ್ತನೇ ತರಗತಿಯ ಮಗುವಿಗೆ ತಕ್ಷಣ ತಾಗುತ್ತದೆ. ಹ್ಯೂವಿಟ್, ಫ್ಲೆಟ್ ಎಂಬ ಮನಶ್ಶಾಸ್ತ್ರಜ್ಞರು 1991ರಲ್ಲಿ ಈ ಹಟವನ್ನು ಬಿಡಿಸಿದಾಗ ಒಂದು ಬಗೆ ಪೂರ್ತಿ ಹೊರಗಿನ ನಿರೀಕ್ಷೆಯದಾಗಿತ್ತು: ‘ನಾನು ತಪ್ಪಿದರೆ ಇವರು ಒಪ್ಪುವುದಿಲ್ಲ’ ಎಂಬ ನಂಬಿಕೆ. ಎಸ್ಸೆಸ್ಸೆಲ್ಸಿ ಇರುವ ಮನೆಗಳಲ್ಲಿ ಅದನ್ನು ವಿವರಿಸಬೇಕಾಗಿಲ್ಲ.

‘ಖಿನ್ನತೆ’ ಇರಲಿ, ‘ಖ’ಕಾರದ ಸಮೇತ. ಮಗು ನಾಳೆ ಆಸ್ಪತ್ರೆಯ ಬೋರ್ಡಿನಲ್ಲೂ ಪತ್ರಿಕೆಯಲ್ಲೂ ನೋಡುವುದು ಅದೇ ಅಕ್ಷರ, ಗುರುತು ಹಿಡಿಯಬೇಕು. ‘ಆತಂಕ’ದ ಪಕ್ಕ ಮಾತ್ರ ‘ಏನೋ ಆಗಿಬಿಡುತ್ತದೆಂಬ ಭಯ’ ಎಂದು ಸೇರಿಸಿ. ಬೆಂಗಳೂರಿನಲ್ಲಿ ಹಿಂದಿ ಮನೆಯ ಮಕ್ಕಳೂ ಕನ್ನಡ ಓದುತ್ತಾರೆ, ಅವರಿಗೆ ‘ಆತಂಕ’ ಎಂದರೆ ಭಯೋತ್ಪಾದನೆ.

ಮೈಸೂರಿನಿಂದ

‘ಎಡೆಮಾಡಿಕೊಡು’ ಒಳ್ಳೆಯ ಬಳಕೆ. ಒಪ್ಪಿದೆ. ರೋಮಂಥವನ್ನು ಕೋಶಕ್ಕೆ ಬಿಟ್ಟುಕೊಡುತ್ತೇನೆ.

ಶಿವಮೊಗ್ಗದಿಂದ, ಬುಧವಾರ ರಾತ್ರಿ

ಎಲ್ಲರಿಗೂ ಕೃತಜ್ಞತೆ. ಹಾಸನದ ಸರ್ ಹೇಳಿದ್ದಕ್ಕೆ ಹೆದರಿ, ‘ಕೊರೆಯುವುದು’ ಒಂದನ್ನೇ ಬಿಡದೆ ‘ಅದೇ ಯೋಚನೆ ಕೊರೆಯುವುದು’ ಎಂದು ಮಾಡಿ ಇವತ್ತು ಮಧ್ಯಾಹ್ನ ಮತ್ತೆ ಓದಿಸಿದೆ. ಯಾರೂ ಅರ್ಥ ಕೇಳಲಿಲ್ಲ. ಅಜ್ಜಿಯ ಹುಡುಗನೂ ಸುಮ್ಮನೆ ತಲೆಯಾಡಿಸಿದ. ನೋಟ್‌ಬುಕ್ಕಿನ ಹುಡುಗಿ ಮಾತ್ರ ಗಂಟೆ ಹೊಡೆದ ಮೇಲೆ ಬಂದು, ಫಲಕದ ಕೆಳಗಿನ ಖಾಲಿ ಜಾಗಕ್ಕೆ ಬೆರಳಿಟ್ಟು, “ನಿಲ್ಸೋದು ಹೇಗೆ ಅಂತ ಬರ್ದಿಲ್ವಲ್ಲ ಮಿಸ್” ಎಂದಳು.

ಮೂರು ದಿನ ಪದ ಹುಡುಕುತ್ತ ಅದನ್ನು ನಾನು ಬರೆದೇ ಇರಲಿಲ್ಲ. ತಲೆಬರಹದ ಅಕ್ಷರ ಚಿಕ್ಕದು ಮಾಡಿಸಿ ಜಾಗ ಹೊಂದಿಸಿದ್ದೇನೆ. ಅಚ್ಚಿಗೆ ಹೋಗುತ್ತಿರುವುದು ಹೀಗೆ. ಕಾಗುಣಿತ ತಪ್ಪಿದ್ದರೆ ಬೆಳಿಗ್ಗೆ ಒಂಬತ್ತರೊಳಗೆ ತಿಳಿಸಿ:

*ಅದೇ ಯೋಚನೆ ಕೊರೆಯುವುದು*

*ಆಗಿಹೋದ ಒಂದು ಸಂಗತಿ ಬಿಡದೆ ಕಾಡುತ್ತಿದೆಯೆ? ‘ನನಗೇ ಯಾಕೆ’ ಎಂಬಲ್ಲೇ ಯೋಚನೆ ನಿಂತಿದೆಯೆ? ಇದು ನಿನ್ನ ತಪ್ಪಲ್ಲ. ಇದು ಖಿನ್ನತೆಗೆ ಎಡೆಮಾಡಿಕೊಡಬಹುದು. ಕೂತಲ್ಲಿಂದ ಎದ್ದು ಕೈಗೆ ಕೆಲಸ ಕೊಡು: ಆಟ, ಚಿತ್ರ, ಅಡುಗೆಮನೆಯಲ್ಲಿ ಅಮ್ಮನಿಗೆ ಜೊತೆ. ಕೊರೆಯುತ್ತಿರುವುದನ್ನು ನಂಬಿಕೆಯ ಒಬ್ಬರಿಗೆ ಬಾಯಿಬಿಟ್ಟು ಹೇಳು. ಹೇಳಲು ಯಾರೂ ಸಿಗದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲಿ.*