ಬಿಸಿನೀರು ಎಳಿ ಎಳಿ ಬರ್ತದ, ತಣ್ಣೀರು ಜೋರು. ಪಂಪ್ ಕೂಡಿಸಬೇಕೇನ್ರಿ?

ಪ್ರಶ್ನೆ (ಕಲಬುರಗಿ): ಸರ್, 15 ಲೀಟರಿನ ಗೀಜರ್, ನಾಲ್ಕು ವರ್ಷ ಆಗ್ಯಾದ. ಒಂದೇ ಮಿಕ್ಸರ್ ನಳದಾಗ ತಣ್ಣೀರು ಜೋರು, ಬಿಸಿನೀರು ಮಾತ್ರ ಸಣ್ಣ. ಬೋರ್ ನೀರು, ಟಾಕಿ ಮಾಳಗಿ ಮ್ಯಾಲ. ಪ್ರೆಶರ್ ಪಂಪ್ ಕೂಡಿಸ್ರಿ ಅಂತಾರ ಎಲ್ಲಾರೂ.

ಉತ್ತರ (ಪ್ಲಂಬರ್): ಪಂಪ್ ಬ್ಯಾಡ್ರಿ. ತಣ್ಣೀರು ಜೋರು ಅದ ಅಂದ್ರ ಟಾಕಿ ಎತ್ತರ ಸಾಕಾಗ್ಯಾದ. ಬಿಸಿನೀರಿನ ದಾರ್ಯಾಗ ಎಲ್ಲೋ ಕಟ್ಕೊಂಡದ. ಎಲ್ಲಿ ಅಂತ ಬಕೆಟ್ ಹಿಡಿದು ನೋಡ್ರಿ.

ಗೀಜರಿನ ಕರೆಂಟ್ ಬಂದ್ ಮಾಡೋ ಎಂಸಿಬಿ ಸ್ವಿಚ್ ಇಳಸ್ರಿ. ಒಳಗಿನ ಬಿಸಿನೀರು ಪೂರಾ ಬಿಟ್ಟು ತಣ್ಣೀರು ಬರೋತನಕ ಕಾಯ್ರಿ, ಇಲ್ಲಾಂದ್ರ ಕೈ ಸುಡ್ತದ. ಗೀಜರ್ ತಳದಾಗ ನೀಲಿ ಗುರುತಿನ ಕಡೆ ನೀರು ಒಳಗ ಬರ್ತದ, ಕೆಂಪು ಕಡೆ ಹೊರಗ ಹೋಗ್ತದ. ಗೀಜರಿಗೆ ನೀರು ಬಿಡೋ ಆಂಗಲ್ ಕಾಕ್ ಬಂದ್ ಮಾಡಿ ಕೆಂಪು ಕಡೆ ಪೈಪ್ ಬಿಚ್ರಿ, ಬಕೆಟ್ ಹಿಡಿದು ಕಾಕ್ ತೆಗೀರಿ. ಜೋರು ಬಂತಂದ್ರ ಗೀಜರ್ ಛಲೋ ಅದ, ಮುಂದಿನ ಪೈಪ್ ಇಲ್ಲಾ ಮಿಕ್ಸರ್ ಕಾರ್ಟ್ರಿಜ್ (ನಳದ ಒಳಗ ಬಿಸಿ ತಣ್ಣ ಕೂಡಿಸೋ ಭಾಗ) ಕಟ್ಟ್ಯಾದ. ಸಣ್ಣ ಬಂತಂದ್ರ ಮತ್ತ ಕಾಕ್ ಬಂದ್ ಮಾಡಿ ನೀಲಿ ಕಡೆ ಪೈಪ್ ಸೇಫ್ಟಿ ವಾಲ್ವ್ (ಹೆಚ್ಚಿನ ಒತ್ತಡ ಹೊರಗ ಬಿಡೋದು) ಕೆಳಗ ಬಿಚ್ಚಿ, ಪೈಪಿನ ಬಾಯಿಗೆ ಬಕೆಟ್ ಹಿಡಿದು ಕಾಕ್ ತೆಗೀರಿ. ಅಲ್ಲಿ ಜೋರು ಬಂದ್ರ ಕಳ್ಳ ವಾಲ್ವೇ. ಸವಳು ನೀರಿನ ಊರಾಗ ಬಹಳ ಸಲ ಇದೇ ಆಗ್ತದ: ನೀರು ವಾಪಸ್ ಹೋಗದಂಗ ತಡಿಯೋ ಒಳಗಿನ ಬಿಲ್ಲಿಗೆ ಸುಣ್ಣ ಹತ್ತಿ ಅದು ಪೂರಾ ತೆರಿಯೋದಿಲ್ಲ.

ಹೊಸದು ಅರ್ಧ ಇಂಚಿಂದು ತರ್ರಿ, ಗೀಜರ್ ಮ್ಯಾಲ ಬರೆದ ಬಾರ್ (ಒತ್ತಡದ ಅಳತಿ) ನೋಡಿ. ಬಾಣದ ಗುರುತು ಗೀಜರ್ ಕಡೆ ಇರಲಿ, ಟೆಫ್ಲಾನ್ ಟೇಪ್ ಸುತ್ತ್ರಿ. ವಾಲ್ವ್ ತೆಗೆದು ನೇರ ಪೈಪ್ ಜೋಡಿಸಿದ್ರ ನೀರು ಜೋರೇನೋ ಬರ್ತದ, ಖರೆ. ಆದ್ರ ಕಾವು ಮಿತಿಯೊಳಗ ಇಡೋ ಥರ್ಮೋಸ್ಟಾಟ್ ಕೆಟ್ಟ ದಿನ ಒತ್ತಡ ಹೊರಗ ಬಿಡೋ ವಾಲ್ವೇ ಇರೋದಿಲ್ಲ, ಟ್ಯಾಂಕ್ ಒಡೀಬಹುದು. ಬಿಸಿನೀರಿನ ನಳದಾಗ ತುಂಬು ಧಾರಿ ಬಂದ ಮ್ಯಾಲೇ ಸ್ವಿಚ್ ಹಾಕ್ರಿ, ಬರೇ ಟ್ಯಾಂಕ್ ಕಾಸಿದ್ರ ಎಲಿಮೆಂಟ್ ಸುಡ್ತದ.

ಪ್ರಶ್ನೆ: ಬಾತ್‌ರೂಮ್ ಆಸಿಡ್ ಹಾಕಿ ತೊಳೀಬಹುದೇನ್ರಿ?

ಉತ್ತರ: ಗೀಜರಿಗೆ ಬ್ಯಾಡೇ ಬ್ಯಾಡ, ಟ್ಯಾಂಕಿನ ಒಳಪದರ ತಿಂದು ಬಿಡ್ತದ. ಪೈಪಿನ ಜಾಲಿ, ಕಾರ್ಟ್ರಿಜ್, ಶವರ್ ತಲೆ ಬಿಚ್ಚಿ ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಒಂದು ತಾಸು ನೆನಸ್ರಿ. ಶಹಾಬಾದ ಕಲ್ಲು ಸುಣ್ಣದ ಕಲ್ಲೇ ಅಲ್ಲೇನ್ರಿ, ಅದರ ನಡುವಿಂದ ಬರೋ ನೀರು ಸುಣ್ಣ ಬಿಟ್ಟೇ ಹೋಗ್ತದ. ಟ್ಯಾಂಕಿಗೆ ತುಕ್ಕು ಹಿಡೀದಂಗ ತಾನೇ ಸವಿಯೋ ಆನೋಡ್ ಕಡ್ಡಿ ವರ್ಷಕ್ಕೊಮ್ಮೆ ನೋಡ್ರಿ, ಸವೆದು ತಂತಿಯಂಗ ಆಗಿದ್ರ ಬದಲಸ್ರಿ.

ಉತ್ತರ (ಇನ್ನೊಬ್ರು): ಪಂಪಿನ ಮಾತಿಗೆ ಒಂದು ಸೇರಸ್ತೀನಿ. ಟಾಕಿ ನಳಕ್ಕಿಂತ 3 ಮೀಟರ್ ಎತ್ತರ ಇದ್ರ ಸಿಗೋದು 0.3 ಬಾರ್ ಮಾತ್ರ. ಬಿಸಿ ತಣ್ಣ ಎರಡೂ ಸಣ್ಣ ಇದ್ದಾಗ ಪಂಪಿನ ವಿಚಾರ ಮಾಡ್ರಿ. ಸೋಲಾರ್‌ದವರು ಮೊದಲ ಕೇಳ್ರಿ: ಮಾಮೂಲಿ ಸೋಲಾರ್ ಟ್ಯಾಂಕ್ ಪಂಪಿನ ಒತ್ತಡ ತಡಿಯೋದಲ್ಲ, ಸೋರ್ತದ.