ಹಿರೇಬೆಣಕಲ್, ಸಂಗನಕಲ್ಲು ಒಂದೇ ದಿನದಲ್ಲಿ ಸಾಧ್ಯವೇ?

ಪ್ರಶ್ನೆ (ಮೈಸೂರಿನಿಂದ)

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನೂ ಬಳ್ಳಾರಿ ಬಳಿಯ ಸಂಗನಕಲ್ಲಿನ ಉತ್ಖನನ ನೆಲೆಯನ್ನೂ ಒಂದೇ ದಿನದಲ್ಲಿ ತೋರಿಸುವುದಾಗಿ ಪ್ರವಾಸ ಏರ್ಪಡಿಸುವವರೊಬ್ಬರು ಹೇಳುತ್ತಿದ್ದಾರೆ. ವಯಸ್ಸಾದ ನನ್ನ ತಂದೆಯವರೂ ಜೊತೆಗಿರುತ್ತಾರೆ. ಇದು ಆಗುವ ಮಾತೇ? ಉತ್ಖನನ ನಡೆಯುವುದನ್ನು ಕಣ್ಣಾರೆ ನೋಡಬಹುದೇ?

ಉತ್ತರ (ಗಂಗಾವತಿಯಿಂದ)

ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಹಿರೇಬೆಣಕಲ್ಲಿನ ಗುಡ್ಡದ ಮೇಲಕ್ಕೆ ವಾಹನ ಹೋಗುವುದಿಲ್ಲ. ಬಂಡೆಗಳ ನಡುವಿನ ಕಾಲುದಾರಿ ಹಲವೆಡೆ ಕವಲೊಡೆಯುವುದರಿಂದ, ದೂರದಿಂದ ಬರುವ ಮಾರ್ಗದರ್ಶಕರಿಗಿಂತ ಊರಿನವರೊಬ್ಬರು ಜೊತೆಗಿದ್ದರೆ ಒಳ್ಳೆಯದು. ಮೇಲೆ ನೀರು, ಅಂಗಡಿ ಯಾವುದೂ ಇಲ್ಲ. ಚಳಿಗಾಲದಲ್ಲಿ, ಬಿಸಿಲೇರುವ ಮುನ್ನ ಹತ್ತಿಬಿಡಿ.

ಅಲ್ಲಿ ಕಬ್ಬಿಣಯುಗದ ನಾನೂರಕ್ಕೂ ಹೆಚ್ಚು ಶಿಲಾರಚನೆಗಳಿವೆ. ಮೋರ್ಯರೆಂಬ ಗಿಡ್ಡ ಜನ ಕಟ್ಟಿಕೊಂಡ ಮನೆಗಳಿವು ಎಂಬುದು ಊರಿನ ನಂಬಿಕೆ. ದೊಡ್ಡ ಸಮಾಧಿಗಳು ಆಳೆತ್ತರವನ್ನೂ ಮೀರಿವೆ. ನಿಲ್ಲಿಸಿದ ಚಪ್ಪಡಿಗಳ ಮೇಲೆ ಮತ್ತೊಂದನ್ನು ಮುಚ್ಚಿ, ಕೆಲವುಗಳ ಗೋಡೆಯಲ್ಲಿ ದುಂಡನೆಯ ರಂಧ್ರ ಕೊರೆದಿದ್ದಾರೆ. ಪಕ್ಕದ ಕೆರೆಯಂಥ ಹೊಂಡ ಚಪ್ಪಡಿ ಎಬ್ಬಿಸಿದ ಕಲ್ಲುಗಣಿಯೇ ಎಂಬುದನ್ನು ಮಾರ್ಗದರ್ಶಕರು ಹೇಳದಿದ್ದರೆ ನೀವೇ ಕೇಳಿ, ಏಕೆಂದರೆ ಅಷ್ಟು ಭಾರದ ಕಲ್ಲು ಎಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ಎತ್ತರದ ಬಂಡೆಯ ಮೇಲಿರುವ ನಗಾರಿಯಾಕಾರದ ಕಲ್ಲನ್ನು ಬಡಿದು ನೋಡಲು ಹೋಗಬೇಡಿ. ಹತ್ತಿರದಲ್ಲಿಯೇ ಬಂಡೆಚಿತ್ರಗಳೂ ಇವೆ. 2021ರಲ್ಲಿ ಈ ನೆಲೆ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಆದರೂ ಗೋಡೆಗಳ ಮೇಲೆ ಹೆಸರು ಕೆತ್ತುವವರಿಗೆ ಬರವಿಲ್ಲ.

ಉತ್ತರ (ಬಳ್ಳಾರಿಯಿಂದ)

ಉತ್ಖನನದ ನಿರೀಕ್ಷೆ ಬೇಡ. ಅನುಮತಿ ಪಡೆದ ತಂಡಗಳು ಕೆಲವು ಕಾಲ ಅಗೆದು, ದಾಖಲಿಸಿ, ಸಾಮಾನ್ಯವಾಗಿ ಗುಂಡಿಗಳನ್ನು ಮತ್ತೆ ಮುಚ್ಚಿಬಿಡುತ್ತವೆ. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆಸಿದ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಹೋದರೂ ಆ ಮಣ್ಣಿನ ಪದರಗಳನ್ನು ನೀವು ಓದಲಾರಿರಿ. ಅದರ ಬದಲು ಬಳ್ಳಾರಿಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವನ್ನು ಮೊದಲು ನೋಡಿ, ಆಮೇಲೆ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳಿಗೆ ಹೋಗಿ. ಅಲ್ಲಿ ನವಶಿಲಾಯುಗದವರು ಡೋಲರೈಟ್ ಎಂಬ ಗಟ್ಟಿ ಕಪ್ಪು ಕಲ್ಲಿನಿಂದ ಕೊಡಲಿಗಳನ್ನು ರಾಶಿರಾಶಿಯಾಗಿ ತಯಾರಿಸುತ್ತಿದ್ದರು. ಸಗಣಿ ಸುಟ್ಟು ಬೆಳೆದ ಬೂದಿದಿಬ್ಬಗಳೂ ಈ ಸೀಮೆಯ ವಿಶೇಷವೇ. ನೆಲದಲ್ಲಿ ಕಾಣುವ ಚಕ್ಕೆಯನ್ನೋ ಮಡಕೆಚೂರನ್ನೋ ಜೇಬಿಗೆ ಹಾಕಿಕೊಳ್ಳಬೇಡಿ. ಅದು ಸಿಕ್ಕ ಜಾಗವೇ ಅದರ ಅರ್ಧ ಮಾಹಿತಿ.

ಉತ್ತರ (ಬಾಗಲಕೋಟೆಯಿಂದ)

ತಂದೆಯವರ ಮಂಡಿ ಗಟ್ಟಿಯಿಲ್ಲದಿದ್ದರೆ ಹಿರೇಬೆಣಕಲ್ ಬಿಟ್ಟು ಐಹೊಳೆಯನ್ನು ಯೋಚಿಸಿ. ಮೇಗುಟಿ ಗುಡ್ಡಕ್ಕೆ ಮೆಟ್ಟಿಲುಗಳಿವೆ. ಕ್ರಿ.ಶ. 634ರ, ಕವಿ ರವಿಕೀರ್ತಿಯ ಶಾಸನವಿರುವ ಜಿನಾಲಯದ ಹಿಂಬದಿಯ ಬಯಲಿನಲ್ಲಿಯೇ ಶಿಲಾಸಮಾಧಿಗಳು ಹರಡಿಕೊಂಡಿವೆ. ಬಹುತೇಕ ಪ್ರವಾಸಿ ತಂಡಗಳು ಗುಡಿ ನೋಡಿ ಅಲ್ಲಿಂದಲೇ ಇಳಿದುಬಿಡುವುದರಿಂದ, ಹಿಂಬದಿಗೂ ಕರೆದೊಯ್ಯಬೇಕೆಂದು ಮಾರ್ಗದರ್ಶಕರಿಗೆ ಮೊದಲೇ ತಿಳಿಸಿರಿ.