ಮುಂಬಯಿ–ಮಂಗಳೂರು 710 ಕಿ.ಮೀ., ವಿಮಾನಕ್ಕೆ ಒಂದೂವರೆ ಗಂಟೆ ಯಾಕೆ?

ಪ್ರಶ್ನೆ – ಡೊಂಬಿವಲಿಯಿಂದ
ಅಮ್ಮನಿಗೆ 74 ವರ್ಷ, ಮಂಡಿ ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು. ಈಗ ಊರಿಗೆ ಹೋಗಲೇಬೇಕು ಅಂತ ಹಟ. ನಮ್ಮದು ಕುಂದಾಪುರ. ಇಷ್ಟು ವರ್ಷ ಮತ್ಸ್ಯಗಂಧ ರೈಲಿನಲ್ಲೇ ಹೋಗಿದ್ದು, ವಿಮಾನದ ಟಿಕೆಟ್ ನೋಡುತ್ತಿರುವುದು ಇದೇ ಮೊದಲು. ಮ್ಯಾಪ್‌ನಲ್ಲಿ ಗೆರೆ ಎಳೆದರೆ ಮಂಗಳೂರು ವಿಮಾನ ನಿಲ್ದಾಣ ಇರುವ ಬಜ್ಪೆಗೆ ಸುಮಾರು 710 ಕಿ.ಮೀ. ಬರುತ್ತದೆ. ವಿಮಾನ ಗಂಟೆಗೆ 800 ಕಿ.ಮೀ. ಹೋಗುತ್ತದೆ ಅಂದರೆ ಗಂಟೆಯೊಳಗೆ ಮುಟ್ಟಬೇಕು ಅಲ್ವಾ? ಟಿಕೆಟ್‌ನಲ್ಲಿ ಒಂದೂವರೆ ಗಂಟೆಗಿಂತ ಜಾಸ್ತಿ ತೋರಿಸುತ್ತಿದೆ. ಅಷ್ಟು ಹೊತ್ತು ಅಮ್ಮ ಕಾಲು ಮಡಚಿ ಕೂರಬೇಕಾ?

ಉತ್ತರ – ಅಂಧೇರಿಯಿಂದ
ಅದು ಬರೀ ಹಾರುವ ಸಮಯ ಅಲ್ಲ. ವಿಮಾನ ನಿಂತ ಜಾಗ ಬಿಟ್ಟಾಗ ಲೆಕ್ಕ ಶುರು, ಮಂಗಳೂರಿನಲ್ಲಿ ಬಂದು ನಿಂತಾಗ ಮುಗಿಯುತ್ತದೆ. ನಮ್ಮ ಮುಂಬಯಿಯಲ್ಲಿ ರನ್‌ವೇ ಎರಡಿದ್ದರೂ ಒಂದಕ್ಕೊಂದು ಅಡ್ಡ ಬರುತ್ತವೆ, ಹಾಗಾಗಿ ಸಾಮಾನ್ಯವಾಗಿ ಒಂದರಲ್ಲೇ ಎಲ್ಲ ವಿಮಾನ ಏರಿ ಇಳಿಯಬೇಕು, ಸಾಲಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಸುಮ್ನೆ ಹೋಗುತ್ತದೆ. 800ರ ವೇಗ ಬರುವುದು ಪೂರ್ತಿ ಮೇಲೆ ಹೋದ ಮೇಲೆ. ಏರುವಾಗ, ಇಳಿಯುವಾಗ ನಿಧಾನ. ದಾರಿಯೂ ನಿಮ್ಮ ಗೆರೆಯಷ್ಟು ನೇರ ಇರುವುದಿಲ್ಲ. ಆಕಾಶದಲ್ಲಿ ಇರುವುದು ಒಂದು ಗಂಟೆ ಹತ್ತು ನಿಮಿಷದ ಆಸುಪಾಸು. ಓಡಾಡುವ ದಾರಿ ಪಕ್ಕದ ಸೀಟು ತಗೊಳ್ಳಿ, ನಡುವೆ ಒಮ್ಮೆ ಎದ್ದು ನಿಲ್ಲಬಹುದು. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿಡಿ.

ಉತ್ತರ – ಥಾಣೆಯಿಂದ
ಮಾರಾಯ್ರೇ, ಆ ಒಂದೂವರೆ ಗಂಟೆಯನ್ನು ಮಾತ್ರ ನೋಡಬೇಡಿ. ಮನೆಯಿಂದ ಮನೆಗೆ ಎಷ್ಟು ಅಂತ ನೋಡಿ. ಡೊಂಬಿವಲಿಯಿಂದ ವಿಮಾನ ನಿಲ್ದಾಣಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ, ಎರಡು ಗಂಟೆ ಮೊದಲೇ ಅಲ್ಲಿರಬೇಕು, ಬಜ್ಪೆಯಲ್ಲಿ ಬ್ಯಾಗ್ ಬರುವವರೆಗೆ ಅರ್ಧ ಗಂಟೆ, ಅಲ್ಲಿಂದ ಕುಂದಾಪುರಕ್ಕೆ ಮತ್ತೆ ಹತ್ತಿರ ಹತ್ತಿರ 100 ಕಿ.ಮೀ. ಕಾರು. ಎಂಟು ಗಂಟೆ ಆಯಿತು, ಅದರಲ್ಲಿ ಹೆಚ್ಚಿನದು ಕೂತೇ ಇರುವುದು! ಮತ್ಸ್ಯಗಂಧ ಥಾಣೆಯಲ್ಲೇ ನಿಲ್ಲುತ್ತದೆ, ಕುಂದಾಪುರದಲ್ಲೂ ನಿಲ್ಲುತ್ತದೆ. ಕೆಳಗಿನ ಬರ್ತ್ ಸಿಕ್ಕಿದರೆ ರಾತ್ರಿ ಕಾಲು ಚಾಚಿ ಮಲಗಬಹುದು. ಮಂಗಳೂರು ಪೇಟೆಯವರಾಗಿದ್ದರೆ ನಾನೇ ವಿಮಾನ ಅನ್ನುತ್ತಿದ್ದೆ.

ಉತ್ತರ – ವಾಶಿಯಿಂದ
ಮಳೆಗಾಲದಲ್ಲಾದರೆ ಇನ್ನೊಂದು ವಿಷಯ. ಬಜ್ಪೆಯ ರನ್‌ವೇ ಗುಡ್ಡದ ತಲೆ ಮೇಲಿದೆ. ಮೋಡ ಕೆಳಗಿಳಿದರೆ ವಿಮಾನ ಇಳಿಸುವುದಿಲ್ಲ. ಒಂದು ಜುಲೈಯಲ್ಲಿ ನಮ್ಮನ್ನು ಬೆಂಗಳೂರಿಗೆ ಒಯ್ದು ಇಳಿಸಿದ್ದರು, ಮನೆ ಸೇರುವಾಗ ರಾತ್ರಿ ಹನ್ನೊಂದು. ಅತ್ತೆ ಜೊತೆಗಿದ್ದರು, ಪಾಪ ತುಂಬಾ ಬಳಲಿದರು. ಆದರೆ ರೈಲಿನ ಮೆಟ್ಟಿಲೂ ಎತ್ತರ, ಮಂಡಿಗೆ ಅದೂ ಕಷ್ಟವೇ. ಡಾಕ್ಟರನ್ನು ಒಮ್ಮೆ ಕೇಳಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟರ್ ಎರಡಕ್ಕೂ ಒಪ್ಪಿದರು. ಮೆಟ್ಟಿಲು ಹತ್ತಿಸಲು ತಮ್ಮನೂ ಬರುತ್ತಾನೆ, ಥಾಣೆಯಿಂದ ರೈಲಿಗೇ ಹೋಗುತ್ತೇವೆ. ಕೆಳಗಿನ ಬರ್ತ್ ಎರಡು ಸಿಕ್ಕಿವೆ.